ಐಲಿಯ ಉದ್ದ ಹಿಡಿಯ ಇಕ್ಕಳ

ನನ್ನ ನಾದಿನಿ ಐಲಿಯ ಬಗ್ಗೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿದಿದೆ. ಇಪ್ಪತ್ತೇಳು ವರ್ಷ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸಿದವಳಂತೆ. ಸುಪೀರಿಯರ್ ಸರೋವರದಿಂದ ಗಾಳಿ ಎದ್ದು ಮುಂದಿನ ಮನೆಯೇ ಕಾಣದ ದಿನ ಕೂಡ ರಜೆ ಹಾಕಿದವಳಲ್ಲವಂತೆ. ಲಾರಿ ಹತ್ತುವ ಮೊದಲು ಸುತ್ತಲೂ ಒಂದು ಸಲ ನಡೆದು ಒಂದೊಂದು ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದಳಂತೆ. ಮದುವೆಯಾಗಿ ಮೂರೇ ವರ್ಷಕ್ಕೆ ಕುಡುಕ ಗಂಡನ ಬಟ್ಟೆಗಂಟನ್ನು ಬಾಗಿಲಾಚೆ ಇಟ್ಟು, ಆಮೇಲೆ ಯಾರ ಮುಂದೆಯೂ ಅತ್ತವಳಲ್ಲವಂತೆ. ಹಾಸಿಗೆ ಹಿಡಿದ ತಾಯಿಯನ್ನು ನಾಲ್ಕು ವರ್ಷ ಒಬ್ಬಳೇ ನೋಡಿಕೊಂಡಳಂತೆ. ಎಲ್ಲವೂ ನಿಜ. ಒಂದಾದರೂ ಸುಳ್ಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸುತ್ತಿ ಬಳಸಿ ಯಾಕೆ ಹೇಳಲಿ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಹೇಳಹೊರಟ ಈ ಸಂಗತಿ ನಡೆದಾಗ ಅವಳ ಅಣ್ಣ ಆರ್ವೋನನ್ನು ಕಟ್ಟಿಕೊಂಡು ನನಗೆ ಇಪ್ಪತ್ತೆರಡು ವರ್ಷವಾಗಿತ್ತು. ಈ ಮನೆಯಲ್ಲಿ ನಲ್ಲಿ ಸೋರಲಿ, ಒಲೆ ಕೆಡಲಿ, ಬಾಗಿಲಿನ ತಿರುಗಣೆ ಕಿರುಗುಟ್ಟಲಿ, ನನ್ನ ಗಂಡನ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಐಲಿಗೊಂದು ಫೋನ್ ಹಾಕು." ಅವಳು ಬರುತ್ತಿದ್ದಳು, ನೆಲದ ಮೇಲೆ ಅಂಗಾತ ಮಲಗುತ್ತಿದ್ದಳು, ಅಣ್ಣ ತಂಗಿ ಇಬ್ಬರೂ ಸೇರಿ ರಿಪೇರಿ ಮಾಡುತ್ತಿದ್ದರು. ನಾನು ಟಾರ್ಚ್ ಹಿಡಿದುಕೊಂಡು ನಿಲ್ಲುತ್ತಿದ್ದೆ. ಬೆಳಕು ಸ್ವಲ್ಪ ಅತ್ತಿತ್ತ ಸರಿದರೆ, "ಎಲ್ಲಿ ನೋಡ್ತಿದ್ದೀಯೇ? ಟಾರ್ಚ್ ಹಿಡಿಯೋಕೂ ಬರಲ್ವಾ?" ಎಂದು ಬೈಸಿಕೊಳ್ಳುತ್ತಿದ್ದೆ. ಒಂದೇ ಒಂದು ಸಲ, ನನ್ನ ಮನೆಯ ಕೆಲಸಕ್ಕೆ ನನ್ನ ಗಂಡ ನನ್ನನ್ನು ನಂಬಲಿ ಎಂದು ನನಗೆ ಆಸೆಯಿತ್ತು. ಇದು ದೊಡ್ಡ ಆಸೆಯೇನಲ್ಲ.

ಆ ವರ್ಷ ಜನವರಿಯಲ್ಲಿ ಆರ್ವೋ ಮಾಡಿನ ಮೇಲಿನ ಹಿಮ ತಳ್ಳಲು ಏಣಿ ಹತ್ತಿ ಜಾರಿ ಬಿದ್ದ. ಹಿಮದ ಗುಡ್ಡೆಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಬಲಭುಜ ಮಾತ್ರ ಹೋಯಿತು. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮನೆಯಲ್ಲಿ ಕೂತ ಆ ವಾರವೇ ನೆಲಮಾಳಿಗೆಯಲ್ಲಿ ನೀರು ಹೆಪ್ಪುಗಟ್ಟಿ, ಸೌನಾ ಎಂಬ ಬಿಸಿ ಹಬೆಸ್ನಾನದ ಕೋಣೆಗೆ ಹೋಗುವ ತಾಮ್ರದ ಪೈಪು ಉದ್ದಕ್ಕೂ ಸೀಳಿತು. ಶನಿವಾರದ ಸೌನಾ ಎಂದರೆ ಆರ್ವೋನ ಮನೆಯವರಿಗೆ ಊಟಕ್ಕಿಂತ ಹೆಚ್ಚು. ಆ ಹಬೆಯಲ್ಲಿ ಕೂತು ಮೈ ಬೆವರಿಳಿಸದಿದ್ದರೆ ವಾರ ಮುಗಿದ ಹಾಗೇ ಅಲ್ಲ. ಅವನ ಅಪ್ಪನ ಕಾಲದಿಂದ ಒಂದು ಶನಿವಾರವೂ ತಪ್ಪಿದ್ದಿಲ್ಲ.

"ಹಳೇ ತಾಮ್ರದ್ದು ಪೂರ್ತಿ ಕಿತ್ತು ಬಿಸಾಕೋಣ. ಪ್ಲಾಸ್ಟಿಕ್ ಪೈಪ್ ಎಳೆದ್ರೆ ಬೆಸುಗೆ ಗಿಸುಗೆ ತಾಪತ್ರಯಾನೇ ಇಲ್ಲ. ರಿಂಗ್ ತೂರಿಸಿ ಇಕ್ಕಳದಲ್ಲಿ ಒತ್ತಿದ್ರೆ ಮುಗೀತು," ಎಂದ ಆರ್ವೋ.

"ಒತ್ತೋಕೆ ನಾನಿದ್ದೀನಲ್ಲ," ಎಂದೆ.

ಭುಜ ನೋಯುತ್ತಿದ್ದರೂ ನಕ್ಕ. "ನೀನಾ? ಜಾಮ್ ಬಾಟ್ಲಿ ಮುಚ್ಚಳ ತೆಗೆಯೋಕೆ ನನ್ನ ಕೂಗ್ತೀಯ. ಸುಮ್ನೆ ಐಲಿಗೆ ಫೋನ್ ಹಾಕು ಮಾರಾಯ್ತಿ."

ಹಾಕಿದೆ. ಇನ್ನೇನು ಮಾಡಲಿ?

ಮಾರನೆಯ ದಿನ ಮೂವರೂ ಲೈಲ್‌ನ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಗೋಡೆಯ ಮೇಲೆ ಮೂರು ತರಹದ ಇಕ್ಕಳ ನೇತುಹಾಕಿದ್ದ. ಒಂದು ಪೈಪಿನ ಬಾಯನ್ನೇ ಹಿಗ್ಗಿಸಿ ಕೂರಿಸುವಂಥದು. ಅದು ದಿನಾ ಇದೇ ಕೆಲಸ ಮಾಡುವವರಿಗೆ ಎಂದು ಲೈಲ್ ಅವನೇ ಪಕ್ಕಕ್ಕೆ ಸರಿಸಿದ. ಉಳಿದವು ಎರಡು. ಒಂದು, ಮೊಳದುದ್ದದ ಎರಡು ಹಿಡಿಗಳಿದ್ದ ಭಾರಿ ಇಕ್ಕಳ. ತಾಮ್ರದ ರಿಂಗನ್ನು ಸುತ್ತಲೂ ಅದುಮುತ್ತದೆ. ಇನ್ನೊಂದು ಗಿಡ್ಡದು, ಒಂದೇ ಕೈಯಲ್ಲಿ ಹಿಡಿಯುವಂಥದು. ಸ್ಟೀಲ್ ರಿಂಗಿಗೆ ಕಿವಿಯ ಹಾಗೆ ಒಂದು ಕಡೆ ಉಬ್ಬಿರುತ್ತದಲ್ಲ, ಅದನ್ನು ಚಿವುಟಿ ಬಿಗಿಮಾಡುತ್ತದೆ. ಪೂರ್ತಿ ಬಿಗಿಯಾಗುವ ತನಕ ಅದು ಬಾಯಿ ಬಿಡುವುದೇ ಇಲ್ಲ. ನಾನು ಗಿಡ್ಡದನ್ನು ಎತ್ತಿಕೊಂಡೆ. ನನ್ನ ಅಂಗೈಗೆ ಹೇಳಿ ಮಾಡಿಸಿದ ಹಾಗಿತ್ತು.

"ಇದೇ ತಗೊಳ್ಳೋಣ. ಬಿಸಿನೀರಿನ ಟ್ಯಾಂಕ್ ಹಿಂದೆ, ಕಲ್ಲುಗೋಡೆ ಹತ್ರ ಪೈಪ್ ತಿರುಗೋ ಮೂಲೆ ಇದೆಯಲ್ಲ, ಅಲ್ಲಿ ಗೇಣು ಜಾಗ. ಆ ಉದ್ದ ಹಿಡಿ ಅಲ್ಲಿ ಬಿಚ್ಚೋಕೇ ಆಗಲ್ಲ," ಎಂದೆ. ಆ ಮೂಲೆ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಅಲ್ಲಿಯ ಜೇಡರಬಲೆ ತೆಗೆದವಳು ನಾನು.

ಐಲಿ ತಲೆ ಅಲ್ಲಾಡಿಸಿದಳು. "ಅದು ಒಂದೇ ಕಡೆ ಚಿವುಟುತ್ತೆ ಅತ್ತಿಗೆ. ತಾಮ್ರದ ರಿಂಗ್ ಸುತ್ತಲೂ ಹಿಡಿಯುತ್ತೆ. ಅದೂ ಅಲ್ದೆ, ಒತ್ತಿದ ಮೇಲೆ ಒಂದೊಂದಕ್ಕೂ ಅಳತೆ ಇಟ್ಟು ನೋಡಬಹುದು. ಅಳತೆ ನೋಡದೆ ನಾನು ಯಾವ ಕೆಲಸಾನೂ ಬಿಡಲ್ಲ, ನಿಂಗೊತ್ತಲ್ಲ."

"ನಾನು ಹೇಳ್ತಿರೋದು ಜಾಗದ ಮಾತು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ನನ್ನ ಗಂಡ. "ಎಲ್ಲಿ, ಆ ಉದ್ದದ್ದನ್ನ ಒಂದ್ಸಲ ಒತ್ತಿ ತೋರ್ಸು, ನೋಡೋಣ."

ಲೈಲ್ ಒಂದು ತುಂಡು ಪೈಪಿಗೆ ರಿಂಗ್ ತೂರಿಸಿ ಕೊಟ್ಟ. ಎರಡೂ ಕೈ ಹಾಕಿ ಒತ್ತಿದೆ. ಮುಖಕ್ಕೆ ರಕ್ತ ನುಗ್ಗಿತು, ಹಿಡಿಗಳು ಮಾತ್ರ ಕೂಡಲಿಲ್ಲ. ಐಲಿ ನನ್ನ ಕೈಯಿಂದ ತೆಗೆದುಕೊಂಡು ಉಸಿರೂ ಬಿಗಿಹಿಡಿಯದೆ ಟಕ್ಕೆಂದು ಒತ್ತಿದಳು.

"ಹೋಗ್ಲಿ ಬಿಡು ನೋರೀನ್," ಎಂದ ಲೈಲ್, "ಪಾಸ್ಟಿ ಕಡುಬಿನ ಅಂಚು ಒತ್ತೋದ್ರಲ್ಲಿ ನಿನ್ನ ಮೀರಿಸೋರು ಈ ಊರಲ್ಲೇ ಇಲ್ಲ. ಅದಕ್ಕೆ ಇಕ್ಕಳಾನೂ ಬೇಡ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆರ್ವೋ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಮೈಯೆಲ್ಲಾ ಉರಿದುಹೋಯಿತು.

ನಗದೆ ಇದ್ದವಳು ಐಲಿ ಒಬ್ಬಳೇ. "ನಗಬೇಡ್ರೋ. ಅತ್ತಿಗೇನೂ ನನ್ನ ಜೊತೆ ಕೆಲಸ ಮಾಡ್ತಾಳೆ. ನಾನು ಒತ್ತುತ್ತಾ ಹೋಗ್ತೀನಿ, ಅವಳು ಹಿಂದಿಂದ ಅಳತೆ ನೋಡ್ತಾ ಬರ್ತಾಳೆ," ಎಂದು ಒಂದು ಚಿಕ್ಕ ಸ್ಟೀಲ್ ತಗಡನ್ನು ನನ್ನ ಕೈಗಿಟ್ಟಳು. ಅದರಲ್ಲಿ ಎರಡು ಕಚ್ಚು. ಒತ್ತಿದ ರಿಂಗಿನ ಮೇಲೆ ಮೊದಲನೆಯ ಕಚ್ಚು ಸಲೀಸಾಗಿ ಇಳಿಯಬೇಕು, ಎರಡನೆಯದು ಇಳಿಯಬಾರದು. ಮೊದಲನೆಯದೇ ಇಳಿಯದಿದ್ದರೆ ರಿಂಗು ಸರಿಯಾಗಿ ಒತ್ತಿಲ್ಲ ಎಂದು ಅರ್ಥ. ಸರಿಯಿದ್ದ ರಿಂಗಿನ ಮೇಲೆ ಕರಿ ಪೆನ್ನಿನಿಂದ ಒಂದು ಗೀಟು ಎಳೆಯಬೇಕು. ಗೀಟು ಬಿದ್ದರೆ ಪೈಪಿನ ಆ ಜೋಡಣೆಯ ಬಗ್ಗೆ ಇನ್ನು ಯೋಚಿಸುವಂತಿಲ್ಲ. ಅವಳು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಳು ಎಂದು ಈಗ ನನಗೆ ಗೊತ್ತು. ಆಗ ಮಾತ್ರ, ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಅನಿಸಿತು.

ಗುರುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಐಲಿ ಕೆಲಸ ಮಾಡುವುದನ್ನು ನೋಡಬೇಕು. ಬೇಡದಿದ್ದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಪೈಪನ್ನು ನೇರವಾಗಿ ಕತ್ತರಿಸಿ, ತುದಿಯನ್ನು ಹೆಬ್ಬೆರಳಿನಿಂದ ಸವರಿ, ರಿಂಗ್ ತೂರಿಸಿ, ಹಿತ್ತಾಳೆಯ ಜೋಡಣೆಯ ತುಂಡಿಗೆ ಪೈಪು ಕೂರಿಸಿ, ರಿಂಗು ಅಂಚಿನಿಂದ ಎಷ್ಟು ಹಿಂದೆ ನಿಲ್ಲಬೇಕೋ ಅಷ್ಟಕ್ಕೆ ನಿಲ್ಲಿಸಿ ಒತ್ತುತ್ತಿದ್ದಳು. "ನೋಡು ಅತ್ತಿಗೆ, ರಿಂಗ್ ಓರೆ ಆದ್ರೆ ಕೆಟ್ಟಿತು," ಎಂದು ಹೇಳಿಕೊಡುತ್ತಿದ್ದಳು. ನಾನು ತಗಡು ಇಟ್ಟು ನೋಡುತ್ತಿದ್ದೆ. "ಹೋಯ್ತಾ?" ಎನ್ನುತ್ತಿದ್ದಳು, ಕಚ್ಚು ಇಳಿಯಿತಾ ಎಂದು. "ಹೋಯ್ತು," ಎಂದು ಗೀಟು ಎಳೆಯುತ್ತಿದ್ದೆ. ನನ್ನ ಮಾತು ಬಿದ್ದ ಮೇಲೆ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು ರಿಂಗ್ ಆಯಿತು. ನಡುವೆ ಏಲಕ್ಕಿ ಬ್ರೆಡ್ಡು ತಿಂದೆವು. "ಅಮ್ಮನ ಕೈ ರುಚಿ ನಿಂಗೆ ಬಂದುಬಿಟ್ಟಿದೆ ಅತ್ತಿಗೆ," ಎಂದಳು. ದೇವರಾಣೆ, ಆ ಹೊತ್ತಿನಲ್ಲಿ ಅವಳನ್ನು ಕಂಡರೆ ನನಗೆ ಇಷ್ಟವೇ ಆಗುತ್ತಿತ್ತು.

ಅಷ್ಟರಲ್ಲಿ ಆರ್ವೋ ಬಂದು ಮೆಟ್ಟಿಲ ಮೇಲೆ ಕೂತ. ಅಣ್ಣ ತಂಗಿ ಫಿನ್ನಿಷ್ ಮಾತಿಗೆ ಇಳಿದರು. ನನ್ನ ತವರಿನವರು ಕಾರ್ನಿಷ್ ಗಣಿಗಾರರು, ಬೇರೆಯೇ ಜನ. ನನಗೆ ಆ ಭಾಷೆ ಬೈಗುಳದಷ್ಟು ಮಾತ್ರ ಬರುತ್ತದೆ. ಅವರಪ್ಪ ಇದೇ ನೆಲಮಾಳಿಗೆಯಲ್ಲಿ ಏನೋ ಮಾಡಿದ್ದು, ಐಲಿ ಹದಿನಾಲ್ಕು ವರ್ಷದವಳಿದ್ದಾಗ ಇನ್ನೇನೋ ಆಗಿದ್ದು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ತಗಡು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ನಗು ನಿಂತ ಮೇಲೆ ಆರ್ವೋ ನನಗೂ ಅರ್ಥವಾಗುವ ಭಾಷೆಯಲ್ಲೇ ಹೇಳಿದ. "ನೀನೊಬ್ಬಳು ಇಲ್ದೇ ಇದ್ದಿದ್ರೆ ಈ ಮನೆ ಎಂದೋ ಬಿದ್ದು ಹೋಗಿರ್ತಿತ್ತು ಐಲಿ."

ಇಪ್ಪತ್ತೆರಡು ವರ್ಷ! ಬೇಯಿಸಿದ್ದು, ಒಗೆದದ್ದು, ಅವನ ಭುಜಕ್ಕೆ ಎಣ್ಣೆ ತಿಕ್ಕಿದ್ದು, ಏಣಿಯ ಕೆಳಗೆ ನಿಂತು "ಬೇಡ ಕಣೋ, ಇಳಿ ಕೆಳಗೆ," ಎಂದು ಗಂಟಲು ಹರಿದುಕೊಂಡದ್ದು ಯಾರು? ಈ ಮನೆ ಯಾರಿಂದ ನಿಂತಿದೆಯಂತೆ?

ಟ್ಯಾಂಕಿನ ಹಿಂದಿನ ಮೂಲೆಗೆ ಬಂದಾಗ ಊಟದ ಹೊತ್ತಾಗಿತ್ತು. ನಾನು ಹೇಳಿದ್ದೇ ಆಯಿತು. ಐಲಿ ಮಗ್ಗುಲಾಗಿ ಮಲಗಿ ಕೈ ಒಳಗೆ ತೂರಿಸಿದಳು. ಒಂದು ಹಿಡಿ ಕಲ್ಲುಗೋಡೆಗೆ ಬಡಿಯಿತು, ಇನ್ನೊಂದು ಟ್ಯಾಂಕಿಗೆ ಬಡಿಯಿತು. ಇಕ್ಕಳವನ್ನು ತಿರುಗಿಸಿ, ಓರೆ ಹಿಡಿದು, ಹಲ್ಲು ಕಚ್ಚಿ ಒತ್ತಿದಳು. ಮುಖ ಗೋಡೆಯ ಕಡೆಗಿತ್ತು. ಅವಳಿಗೆ ರಿಂಗು ಕಾಣುತ್ತಿರಲಿಲ್ಲ. ನಾನು ಇನ್ನೊಂದು ಬದಿಯಿಂದ ಕೈ ಹಾಕಿ ತಗಡು ಇಟ್ಟೆ. ಕಚ್ಚು ರಿಂಗಿನ ಮೇಲೆ ಇಳಿಯಲಿಲ್ಲ. ಅದುಮಿದೆ. ಆದರೂ ಇಳಿಯಲಿಲ್ಲ.

"ಹೋಯ್ತಾ ಅತ್ತಿಗೆ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳು ಹೇಗೋ ಏನೋ ಮಾಡಿ ಸರಿಪಡಿಸುತ್ತಿದ್ದಳು. ಆಮೇಲೆ ಆರ್ವೋ, "ನೋಡಿದ್ಯಾ, ಆ ಮೂಲೇಲೂ ಮಾಡಿದ್ಲು," ಎನ್ನುತ್ತಿದ್ದ. ಇಲ್ಲಿ ನೀರು ತೊಟ್ಟಿಕ್ಕಲಿ, ಎಲ್ಲರೂ ನೋಡಲಿ, ಉದ್ದ ಹಿಡಿ ಆಗುವುದಿಲ್ಲ ಎಂದು ನೋರೀನ್ ಮೊದಲೇ ಹೇಳಿದ್ದಳು ಎಂದು ಒಪ್ಪಿಕೊಳ್ಳಲಿ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ನಾಲ್ಕು ತೊಟ್ಟು ನೀರು, ಅದಕ್ಕಿಂತ ಹೆಚ್ಚೇನಾದೀತು?

"ಹೋಯ್ತು," ಎಂದೆ. ಗೀಟು ಎಳೆದೆ.

ನೀರು ಬಿಟ್ಟಾಗ ಒಂದು ತೊಟ್ಟೂ ಸೋರಲಿಲ್ಲ. ಆ ಮೂಲೆಯನ್ನೇ ಬಿಟ್ಟಗಣ್ಣಿನಿಂದ ನೋಡಿದೆ. ಎಲ್ಲ ಒಣಗಿಯೇ ಇತ್ತು. ಆರ್ವೋ ಎಡಗೈಯಿಂದ ತಂಗಿಯ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, "ಹಿಡಿ ಬಿಚ್ಚಲ್ಲ ಅಂದ್ಯಲ್ಲ, ಈಗೇನಂತೀಯ?" ಎಂದ. ನನಗೆ ಮೋಸವಾದ ಹಾಗೆನಿಸಿತು. ನೋಡಿ ನನ್ನ ಬುದ್ಧಿ, ಮೋಸ ಮಾಡಿದವಳು ನಾನು, ಮೋಸವಾದದ್ದೂ ನನಗೇ!

ಎರಡು ಶನಿವಾರ ಸೌನಾ ಕಾಯಿಸಿದೆವು. ಆಮೇಲೆ ಆರ್ವೋನ ಭುಜದ ಆಪರೇಷನ್ನಿಗೆಂದು ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಮೂರು ದಿನ ಅಲ್ಲಿದ್ದೆವು. ವಾಪಸು ಬಂದು ಬಾಗಿಲು ತೆಗೆದರೆ ಕೆಳಗಿನಿಂದ ನೀರಿನ ಸದ್ದು. ಪೈಪು ಆ ಮೂಲೆಯಲ್ಲಿ ಜೋಡಣೆಯಿಂದ ಪೂರ್ತಿ ಕಳಚಿಕೊಂಡಿತ್ತು. ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ಅತ್ತೆ ಬದುಕಿದ್ದಾಗ ಚಿಂದಿಬಟ್ಟೆ ಹರಿದು ಮಗ್ಗದಲ್ಲಿ ನೇಯ್ದ ಜಮಖಾನೆಗಳನ್ನು ಅಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಕೆಂಪು ಬಿಳಿಗೆ ಹತ್ತಿ, ನೀಲಿ ಹಳದಿಗೆ ಹತ್ತಿ, ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಆ ತಾಯಿಯ ಕೈಕೆಲಸ ಎಂದು ಈ ಅಣ್ಣತಂಗಿಗೆ ಉಳಿದದ್ದು ಅಷ್ಟೇ ಆಗಿತ್ತು.

ಐಲಿ ಬಂದಳು. ನೀರು ಬಳಿದು ಹೊರಹಾಕಿದ ಮೇಲೆ ಟ್ಯಾಂಕಿನ ಹಿಂದೆ ನುಗ್ಗಿ, ಕಳಚಿದ ಪೈಪಿನ ತುದಿಯನ್ನು ಕತ್ತರಿಸಿ ತಂದಳು. ರಿಂಗು ಇನ್ನೂ ಅದರ ಮೇಲೇ ಇತ್ತು. ರಿಂಗಿನ ಮೇಲೆ ನನ್ನ ಕರಿ ಗೀಟು ಇತ್ತು. ಮೇಜಿನ ಮೇಲಿದ್ದ ತಗಡನ್ನು ತೆಗೆದು ರಿಂಗಿಗೆ ಹಿಡಿದಳು. ಇಳಿಯಲಿಲ್ಲ. ತಿರುಗಿಸಿ ಇನ್ನೊಂದು ಸಲ ಹಿಡಿದಳು.

"ಅತ್ತಿಗೆ," ಎಂದಳು, "ಅವತ್ತು ಇದು ಹೋಗಿತ್ತಾ?"

"ಹೋಗಿತ್ತು," ಎಂದೆ.

ಒತ್ತಿದ ತಾಮ್ರದ ರಿಂಗು ಎರಡು ವಾರದಲ್ಲಿ ತನ್ನಷ್ಟಕ್ಕೆ ದಪ್ಪವಾಗುವುದಿಲ್ಲ. ಅದು ಅವಳಿಗೆ ಗೊತ್ತು, ನನಗೂ ಗೊತ್ತು. ಅವಳು ನನ್ನ ಮುಖ ನೋಡಿದಳು. ಸಿಟ್ಟಾದರೂ ಇದ್ದಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅಂಥದ್ದೇನೂ ಇರಲಿಲ್ಲ.

"ಏನಂತೆ? ಯಾಕೆ ಕಿತ್ಕೊಂಡು ಬಂತಂತೆ?" ಎಂದು ಮೇಲಿನಿಂದ ಆರ್ವೋ ಕೂಗಿದ.

"ನಾನು ಸರಿಯಾಗಿ ಒತ್ತಿಲ್ಲ ಅಣ್ಣ," ಎಂದಳು ಐಲಿ. "ಆ ಮೂಲೇಲಿ ಹಿಡಿ ಬಿಚ್ಚಲಿಲ್ಲ. ಅತ್ತಿಗೆ ಅಂಗಡೀಲೇ ಹೇಳಿದ್ಲು, ನಾನೇ ಕೇಳಲಿಲ್ಲ. ಅಮ್ಮನ ಜಮಖಾನೆ ಹಾಳಾಗಿದ್ದು ನನ್ನಿಂದ."

ನನ್ನನ್ನು ಹಿಡಿದು ನಾಲ್ಕು ಬಿಗಿಯಬಾರದಿತ್ತೇ ಅವಳು? ಜಗಳವಾಡಿ, ಅತ್ತು, ಎಲ್ಲ ಹೇಳಿಬಿಡುತ್ತಿದ್ದೆ. ಅವಳು ಹೀಗೆ ಮಾಡಿದಳು. ಇದರಲ್ಲೂ ಅವಳೇ ನನಗಿಂತ ಮೇಲಾದಳಲ್ಲ ಎಂದು ನನಗೆ ಆಗಲೂ ಉರಿಯಿತು. ತಪ್ಪು ಒಪ್ಪಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಅವಳ ಒಳ್ಳೆಯತನದ ಮೇಲೆ ಹಲ್ಲು ಕಡಿಯುತ್ತಾ ನಿಂತಿದ್ದೆ.

ಆಮೇಲೆ ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಗಿಡ್ಡ ಇಕ್ಕಳ ತಂದು ಆ ಮೂಲೆಯನ್ನು ನಾನೇ ಸರಿಮಾಡಿದೆ. ಈ ಸಲ ಟಾರ್ಚ್ ಹಿಡಿದವನು ಆರ್ವೋ. "ನಮ್ಮ ನೋರೀನ್ ಮೊದಲೇ ಹೇಳಿದ್ಲು ಕಣ್ರಯ್ಯಾ, ಯಾರು ಕೇಳಬೇಕು?" ಎಂದು ಲೈಲ್‌ನ ಅಂಗಡಿಯಲ್ಲಿ ಅವನೇ ಡಂಗುರ ಸಾರಿದ. ಈಗ ನಲ್ಲಿ ಸೋರಿದರೆ ನನ್ನನ್ನು ಕೂಗುತ್ತಾನೆ. ಚರ್ಚಿನ ಅಡುಗೆಮನೆಯ ಪೈಪಿಗೂ ನನ್ನನ್ನೇ ಕರೆದರು. "ಪಾಪ, ಐಲಿಗೂ ವಯಸ್ಸಾಯ್ತು," ಎಂದು ಹೆಂಗಸರು ಕಾಫಿ ಕುಡಿಯುತ್ತಾ ಆಡಿಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಐಲಿ ಶನಿವಾರಕ್ಕೆ ಬರುವುದನ್ನು ಕಡಿಮೆ ಮಾಡಿದಳು. ಮಂಡಿನೋವು ಎಂದಳು.

ಹೋದ ಚಳಿಗಾಲದಲ್ಲಿ ಅವಳ ಮನೆಯ ಮುಂದೆ ಪ್ಲಂಬರ್ ಒಬ್ಬನ ವ್ಯಾನು ನಿಂತಿದೆ ಎಂದು ಯಾರೋ ಹೇಳಿದರು. ನಾನು ನಂಬಲಿಲ್ಲ. ನಮ್ಮ ಕಡೆ ಬಂಧುಬಳಗ ಇದ್ದವರು ಪೈಪು ಒಡೆಯಿತೆಂದು ದುಡ್ಡು ಕೊಟ್ಟು ಹೊರಗಿನವರನ್ನು ಕರೆಸುವುದಿಲ್ಲ. ಅದರಲ್ಲೂ ಐಲಿ! ಆರ್ವೋನ ಮುಖ ಸಣ್ಣದಾಯಿತು. "ನಿನ್ನ ಯಾಕೆ ಕರೀಲಿಲ್ಲ ಅವಳು? ನಿಮ್ಮಿಬ್ಬರ ಮಧ್ಯೆ ಏನಾದ್ರೂ ಮಾತಾಯ್ತಾ?" ಎಂದ. ನಾನು ಗಿಡ್ಡ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಎಲ್ಲವನ್ನೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಐಲಿಯ ಅಡುಗೆಮನೆಯ ಸಿಂಕಿನ ಕೆಳಗಿನ ಪೈಪೆಲ್ಲ ಹೊಸದಾಗಿತ್ತು. ಪಕ್ಕದೂರಿನಿಂದ ಬಂದ ಗಡ್ಡದವನೊಬ್ಬ ತನ್ನ ಸಾಮಾನು ಒರೆಸಿ ಎತ್ತಿಡುತ್ತಿದ್ದ. ಐಲಿ ನೆಲಕ್ಕೆ ಮಂಡಿಯೂರಿ, ಆ ನೋವಿನ ಮಂಡಿಯನ್ನೇ ಊರಿ, ತಗಡು ಹಿಡಿದು ಒಂದೊಂದೇ ರಿಂಗು ನೋಡುತ್ತಿದ್ದಳು. ಮೂರನೆಯದಕ್ಕೆ ಬಾಗಲಾರದೆ ಸಿಂಕಿನ ಅಂಚು ಹಿಡಿದುಕೊಂಡಳು.

ಜೋಡಿಸಿಕೊಂಡು ಬಂದ ಮಾತು ಬಿಟ್ಟು ಕೈ ಚಾಚಿದೆ. "ಕೊಡು ಐಲಿ, ನಾನು ನೋಡ್ತೀನಿ. ನೀನು ಏಳು ಮೇಲೆ."

ಅವಳು ನನ್ನ ಕೈಯನ್ನು ನೋಡಿದಳು. ಆಮೇಲೆ ಮುಖ ನೋಡಿದಳು.

"ಬೇಡ ಅತ್ತಿಗೆ. ನೀವು ಕೂತ್ಕೊಳ್ಳಿ. ಕಾಫಿ ಬಿಸಿ ಇದೆ," ಎಂದು ತಗಡನ್ನು ಆ ಗಡ್ಡದವನ ಕಡೆ ಚಾಚಿದಳು. "ಒಂದು ಸ್ವಲ್ಪ ನೋಡಪ್ಪ. ಏನೋ, ನಿನ್ನ ಹೆಸರೇ ಕೇಳಲಿಲ್ಲ ನಾನು."

ನಾನು ಕುರ್ಚಿಯ ಮೇಲೆ ಕೂತೆ. ಚೀಲ ತೊಡೆಯ ಮೇಲೇ ಇತ್ತು. ಹೆಸರು ಗೊತ್ತಿಲ್ಲದ ಆ ಗಡ್ಡದವನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಐಲಿಯ ಮೇಲೂ ಎಂದೂ ಅಷ್ಟು ಬಂದಿರಲಿಲ್ಲ. ಅವನು ಬಗ್ಗಿ ಒಂದೊಂದೇ ರಿಂಗಿಗೆ ತಗಡು ಹಿಡಿದು, "ಹೋಯ್ತು," "ಹೋಯ್ತು," ಎನ್ನುತ್ತಿದ್ದ. ಐಲಿ ನನಗೆ ಕಾಫಿ ಬಗ್ಗಿಸುತ್ತಾ, ಅವನ ಕಡೆ ತಿರುಗಿಯೂ ನೋಡದೆ, ಪ್ರತಿಸಲವೂ "ಸರಿ," ಎಂದಳು.